ಮಗಳಿಗೊಂದು ಪತ್ರ: ಸಾಲಿನಲ್ಲಿ ಉಳಿದ ಜಾಗ

ಡಲ್ಲಾಸ್,
19 ಅಕ್ಟೋಬರ್ 2023

ಪ್ರೀತಿಯ ಪುಟ್ಟಿ,

ಹೋದ ವಾರ ನೀನು ಫೋನಿನಲ್ಲಿ ಕೇಳಿದ ಪ್ರಶ್ನೆಗೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ಅಮ್ಮ, ನೀನೇನು ಫುಟ್‌ಬಾಲ್ ಆಡಿದವಳಲ್ಲ. ಆ ಊರಿನಲ್ಲಿ ಈಗ ನಮ್ಮ ಮನೆಯೂ ಇಲ್ಲ, ತಾತನೂ ಇಲ್ಲ. ಎರಡೂವರೆ ಗಂಟೆ ಕಾರು ಓಡಿಸಿಕೊಂಡು ಹೋಮ್‌ಕಮಿಂಗ್‌ಗೆ ಯಾಕೆ ಹೋಗುತ್ತೀಯ?" ಎಂದು ನೀನು ಕೇಳಿದಾಗ, "ಶಾಲೆ ಮುಗಿಸಿ ಮೂವತ್ತು ವರ್ಷವಾಯಿತಲ್ಲ, ಎಲ್ಲರೂ ಬರುತ್ತಿದ್ದಾರೆ" ಎಂದಷ್ಟೇ ಹೇಳಿ ಮಾತು ಬದಲಿಸಿದೆ. ಶುಕ್ರವಾರ ಹೋಗಿ ಶನಿವಾರ ರಾತ್ರಿ ಹಿಂದಿರುಗಿದ ಮೇಲೆ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಭಾನುವಾರದ ತರಗತಿಯಲ್ಲಿ ಕಲಿತ ಕನ್ನಡದ ಓದು ನಿನಗೆ ಇನ್ನೂ ಕೈಬಿಟ್ಟಿಲ್ಲವೆಂದು ನಂಬಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಹಳೆಯ ವಿದ್ಯಾರ್ಥಿಗಳನ್ನು ಶಾಲೆಗೆ ಕರೆಸುವ ಆ ಹಬ್ಬದ ಹೆಸರಾದ ಹೋಮ್‌ಕಮಿಂಗ್ ಎಂಬ ಪದವನ್ನು ಕೇಳಿದಾಗಲೆಲ್ಲ ನನ್ನ ಮನಸ್ಸಿಗೆ ಬರುವ ಮಾತು ತವರು ಎಂಬುದು, ಮತ್ತು ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳಲಾರೆ.

1986ರಲ್ಲಿ ನಾವು ಹಾಸನದಿಂದ ಆ ಊರಿಗೆ ಬಂದಾಗ ನನಗೆ ಹನ್ನೊಂದು ವರ್ಷ. ನಿನ್ನ ತಾತ ಅದಕ್ಕೆ ಮೂರು ವರ್ಷ ಮೊದಲೇ ಅಮೆರಿಕಕ್ಕೆ ಬಂದು, ತರಬೇತಿ ಮುಗಿಸಿ, ಫೋರ್ಟ್ ವರ್ತ್‌ನಿಂದ ಅಬಿಲೀನ್ ಕಡೆಗೆ ಹೋಗುವ 20ನೆಯ ಹೆದ್ದಾರಿಯ ಬದಿಯ ಆ ಸಣ್ಣ ಊರಿನಲ್ಲಿ ವೈದ್ಯರಾಗಿ ನೆಲೆಸಿದ್ದರು. ಟೆಕ್ಸಸ್‌ನ ಅಂಥ ಊರುಗಳಲ್ಲಿ ಶುಕ್ರವಾರ ರಾತ್ರಿಯೆಂದರೆ ಹೈಸ್ಕೂಲಿನ ಫುಟ್‌ಬಾಲ್, ಬೇರೆ ಏನೂ ಅಲ್ಲ. ದೇಶದ ಕಾನೂನು ಕೂಡ ಆ ರಾತ್ರಿಯನ್ನು ಶಾಲೆಗಳ ಪಾಲಿಗೆ ಬಿಟ್ಟುಕೊಟ್ಟಿದೆ: ಸೆಪ್ಟೆಂಬರ್ ಎರಡನೆಯ ವಾರದಿಂದ ಡಿಸೆಂಬರ್ ಎರಡನೆಯ ವಾರದವರೆಗೆ ಶಾಲಾ ಪಂದ್ಯಗಳಿಗೆ ಅಡ್ಡಿಯಾಗುವಂತೆ ಶುಕ್ರವಾರ ಸಂಜೆ ವೃತ್ತಿಪರ ಪಂದ್ಯವನ್ನು ಟಿವಿಯಲ್ಲಿ ತೋರಿಸಿದರೆ, ತಂಡಗಳ ಟಿವಿ ಹಕ್ಕುಗಳನ್ನು ಒಟ್ಟಾಗಿ ಮಾರಲು 1961ರ ಕಾಯ್ದೆ ವೃತ್ತಿಪರ ಲೀಗಿಗೆ ಕೊಟ್ಟಿರುವ ರಕ್ಷಣೆ ಅದಕ್ಕೆ ಸಿಗುವುದಿಲ್ಲ. ಊರಿನ ವೈದ್ಯರು ಆ ರಾತ್ರಿ ತಂಡದ ಜೊತೆ ಮೈದಾನದ ಅಂಚಿನಲ್ಲಿ ನಿಲ್ಲುವುದು ಅಲ್ಲಿನ ರೂಢಿ. ಚೆಂಡನ್ನು ಕಾಲಲ್ಲಿ ಒದೆಯುವುದೇ ಫುಟ್‌ಬಾಲ್ ಎಂದು ತಿಳಿದು ಬಂದಿದ್ದ ಅಪ್ಪ, ಹನ್ನೊಂದು ಹನ್ನೊಂದು ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಏಳುವ ಈ ಆಟವನ್ನು ಅರ್ಥಮಾಡಿಕೊಳ್ಳಲು ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದರು. "ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಗೆರೆ ದಾಟಿದರೆ ಆರು ಅಂಕ" ಎಂದು ದುಂಡಾದ ಕನ್ನಡ ಅಕ್ಷರಗಳಲ್ಲಿ ಬರೆದ ಆ ಪುಸ್ತಕ ಈಗಲೂ ನನ್ನ ಬಳಿ ಇದೆ. ಎಲುಬು ಹೇಗೆ ಮುರಿಯಿತೆಂದು ತಿಳಿಯಬೇಕಾದರೆ ಆಟ ಹೇಗೆ ನಡೆಯುತ್ತದೆಂದು ತಿಳಿದಿರಬೇಕು ಎಂಬುದು ಅವರ ಮಾತಾಗಿತ್ತು.

ನಾನು ಸೇರಿದ್ದು, ಪಂದ್ಯದ ನಡುವಿನ ಬಿಡುವಿನಲ್ಲಿ ಮೈದಾನದಲ್ಲಿ ನಡೆಯುತ್ತ ನುಡಿಸುವ ಶಾಲೆಯ ಬ್ಯಾಂಡಿಗೆ. ನಮ್ಮ ಶಾಲೆಯಲ್ಲಿ ಕ್ಲಾರಿನೆಟ್ ಅನ್ನು ಬಾಡಿಗೆಯಿಲ್ಲದೆ ಕೊಡುತ್ತಿದ್ದರೆಂಬುದು ಒಂದು ಕಾರಣ, ಮಧ್ಯಾಹ್ನ ಊಟದ ಹೊತ್ತಿನಲ್ಲಿ ಯಾರ ಪಕ್ಕದಲ್ಲಿ ಕೂರಬೇಕೆಂದು ತಿಳಿಯದೆ ಇದ್ದುದು ಇನ್ನೊಂದು ಕಾರಣ. ಆಗಸ್ಟ್ ತಿಂಗಳಲ್ಲಿ, ಶಾಲೆ ತೆರೆಯುವ ಮೊದಲೇ, ಉಷ್ಣಾಂಶ 38 ಡಿಗ್ರಿ ದಾಟಿದ ಬಯಲಿನಲ್ಲಿ ನಮಗೆ ನಡೆಯುವುದನ್ನು ಕಲಿಸುತ್ತಿದ್ದರು. ಐದು ಗಜಕ್ಕೆ ಎಂಟು ಹೆಜ್ಜೆ, ಅಂದರೆ ಒಂದೊಂದು ಹೆಜ್ಜೆಯೂ ಇಪ್ಪತ್ತೆರಡೂವರೆ ಇಂಚು, ಎತ್ತರದ ಹುಡುಗನಿಗೂ ಗಿಡ್ಡ ಹುಡುಗಿಗೂ ಅದೇ ಅಳತೆ. ತಲೆ ತಿರುಗಿಸದೆ ಬರೀ ಕಣ್ಣಂಚಿನಿಂದ ಪಕ್ಕದವರ ಹೆಗಲನ್ನು ನೋಡಿ ಸಾಲನ್ನು ನೇರವಾಗಿ ಇಟ್ಟುಕೊಳ್ಳಬೇಕಿತ್ತು. ಇಂಗ್ಲಿಷಿನಲ್ಲಿ ಎರಡು ಮಾತು ಆಡುವುದಕ್ಕೆ ಹೆದರುತ್ತಿದ್ದ ನನಗೆ, ಮಾತಿಲ್ಲದೆ ಜೊತೆಯವರೊಡನೆ ಸರಿಯಾಗಿ ಇರಬಹುದೆಂದು ಮೊದಲು ತೋರಿಸಿಕೊಟ್ಟದ್ದು ಆ ಅಳತೆಯೇ.

ನಿನಗೆ ಹೇಳಬೇಕಾದ ಮುಖ್ಯ ಸಂಗತಿ 1991ರ ಶರತ್ಕಾಲದ್ದು. ಹಾಸನದಲ್ಲಿ ನನ್ನ ಅಜ್ಜಿ ತೀರಿಕೊಂಡರೆಂಬ ಸುದ್ದಿ ಬಂದು, ಅಮ್ಮನ ಜೊತೆ ನಾನೂ ಊರಿಗೆ ಹೋಗಿ, ಹದಿಮೂರು ದಿನಗಳ ಕರ್ಮ ಮುಗಿಸಿಕೊಂಡು ಬರುವಷ್ಟರಲ್ಲಿ ಎರಡು ಶುಕ್ರವಾರಗಳು ಕಳೆದಿದ್ದವು. ಪ್ರತಿ ಪಂದ್ಯದ ಹಾಫ್‌ಟೈಮ್ ಪ್ರದರ್ಶನವನ್ನು ಮೇಲಿನ ಪ್ರೆಸ್ ಬಾಕ್ಸ್‌ನಿಂದ ವಿಡಿಯೊ ಮಾಡಿ, ಸೋಮವಾರ ಬ್ಯಾಂಡ್ ಕೋಣೆಯಲ್ಲಿ ಎಲ್ಲರಿಗೂ ತೋರಿಸುವುದು ನಮ್ಮ ನಿರ್ದೇಶಕರ ಪದ್ಧತಿ. ಹಿಂದಿರುಗಿದ ಸೋಮವಾರ ನಾನೂ ನೆಲದ ಮೇಲೆ ಕುಳಿತು ನೋಡಿದೆ. ನೂರು ಗಜದ ಹಸಿರು ಮೈದಾನದಲ್ಲಿ ಬಾಗಿದ ಬಿಲ್ಲಿನಂತೆ ಕ್ಲಾರಿನೆಟ್ ಸಾಲು ಬರುತ್ತಿತ್ತು, ಮತ್ತು ಆ ಸಾಲಿನಲ್ಲಿ ಎಡದಿಂದ ನಾಲ್ಕನೆಯ ಜಾಗ ಖಾಲಿಯಿತ್ತು. ಸಾಲು ತಿರುಗಿದಾಗ ಖಾಲಿ ಜಾಗವೂ ತಿರುಗಿತು. ಹಿಂದೆ ಸರಿದಾಗ ಹಿಂದೆ ಸರಿಯಿತು. ಅಕ್ಕಪಕ್ಕದ ಇಬ್ಬರೂ ಒಂದಿಷ್ಟು ಒತ್ತರಿಸಿಕೊಂಡು ನಿಂತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗೆ ಮುಚ್ಚಿಕೊಳ್ಳಬಾರದೆಂಬುದು ಬ್ಯಾಂಡಿನ ಕ್ರಮವೇ ಹೊರತು ನನಗಾಗಿ ಮಾಡಿದ ವಿಶೇಷವೇನಲ್ಲ ಎಂದು ನನಗೆ ಆಗಲೂ ಗೊತ್ತಿತ್ತು. ಆದರೂ ಐದು ವರ್ಷ ಆ ಊರಿನಲ್ಲಿ ಯಾರ ಮನೆಗೋ ಬಂದ ಅತಿಥಿಯಂತೆ ಇದ್ದ ನಾನು, ನಾನಿಲ್ಲದಿರುವುದು ಮೈದಾನದ ಮಧ್ಯದಲ್ಲಿ ಹೀಗೆ ಕಣ್ಣಿಗೆ ಕಾಣುವಂತೆ ಇರುವುದನ್ನು ಕಂಡು ಎದ್ದು ಹೊರಗೆ ಹೋಗಿ ಅತ್ತೆ. ಅಜ್ಜಿಗಾಗಿ ಅಳುತ್ತಿದ್ದಾಳೆಂದು ಎಲ್ಲರೂ ತಿಳಿದರು. ಅದೂ ನಿಜವೇ ಆಗಿತ್ತು.

ಹೋಮ್‌ಕಮಿಂಗ್ ಎಂಬುದು ಹಳೆಯ ವಿದ್ಯಾರ್ಥಿಗಳನ್ನು ಕರೆಸುವ ಹಬ್ಬವಾಗಿ ಶುರುವಾದದ್ದು ಕಾಲೇಜುಗಳಲ್ಲಿ. 1911ರಲ್ಲಿ ಮಿಸೌರಿ ವಿಶ್ವವಿದ್ಯಾಲಯ ಕಾನ್ಸಸ್ ತಂಡದ ಎದುರಿನ ಪಂದ್ಯಕ್ಕೆ ತನ್ನ ಹಳಬರನ್ನು "ಮನೆಗೆ ಬನ್ನಿ" ಎಂದು ಕರೆಯಿತು. ನಮ್ಮ ಟೆಕ್ಸಸ್‌ನವರು ಅದಕ್ಕೂ ಎರಡು ವರ್ಷ ಮೊದಲು, 1909ರಲ್ಲಿ, ವೇಕೊ ನಗರದ ಬೇಲರ್ ವಿಶ್ವವಿದ್ಯಾಲಯವೇ ಅದನ್ನು ಆರಂಭಿಸಿತೆಂದು ಹೇಳಿಕೊಳ್ಳುತ್ತಾರೆ. ಯಾರು ಮೊದಲಿಗರೆಂಬ ವಾದ ನನಗೆ ಮುಖ್ಯವಲ್ಲ. ನಮ್ಮಲ್ಲಿ ಆ ವಾರ ಕಾರುಗಳ ಗಾಜಿನ ಮೇಲೆ ಬಿಳಿ ಶೂ ಪಾಲಿಷ್‌ನಲ್ಲಿ ಆಟಗಾರರ ಸಂಖ್ಯೆಗಳನ್ನು ಬರೆಯುತ್ತಿದ್ದರು, ಟ್ರೇಲರ್‌ಗಳಿಗೆ ಕಾಗದದ ಹೂ ಸುತ್ತಿ ಮುಖ್ಯ ಬೀದಿಯಲ್ಲಿ ಮೆರವಣಿಗೆ ತೆಗೆಯುತ್ತಿದ್ದರು, ಗುರುವಾರ ರಾತ್ರಿ ಊರ ಹೊರಗೆ ದೊಡ್ಡ ಬೆಂಕಿ ಹಾಕುತ್ತಿದ್ದರು. ಆ ಬೆಂಕಿ ಈಗಿಲ್ಲ. 1999ರ ನವೆಂಬರ್ 18ರಂದು ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಇಂಥದೇ ಬೆಂಕಿಗಾಗಿ ಪೇರಿಸುತ್ತಿದ್ದ ಮರದ ದಿಮ್ಮಿಗಳ ರಾಶಿ ಕುಸಿದು 12 ಜನ ಸತ್ತ ಮೇಲೆ ನಮ್ಮ ಊರಿನವರು ಅದನ್ನು ನಿಲ್ಲಿಸಿದರು, ಮತ್ತು ನಿಲ್ಲಿಸಿದ್ದು ಸರಿ.

ಇನ್ನು ಮಮ್. ಟೆಕ್ಸಸ್‌ನ ಹೋಮ್‌ಕಮಿಂಗ್‌ನಲ್ಲಿ ಹುಡುಗಿಯರು ಎದೆಯ ಮೇಲೆ ಧರಿಸುವ ಆ ಭಾರಿ ಹೂವಿನ ಅಲಂಕಾರ ನೀನು ನೋಡದ್ದೇನಲ್ಲ. ಹಿಂದೆ ಅದು ಒಂದೇ ಒಂದು ನಿಜವಾದ ಹೂವಾಗಿತ್ತು. ಕಾಲ ಕಳೆದಂತೆ ಬಟ್ಟೆಯ ಹೂ ಬಂತು, ಮೊಣಕಾಲು ಮುಟ್ಟುವ ರಿಬ್ಬನ್‌ಗಳು ಬಂದವು, ಪುಟ್ಟ ಕರಡಿ ಗೊಂಬೆಗಳೂ ಗಂಟೆಗಳೂ ಸೇರಿಕೊಂಡವು. ಸಾಮಾನ್ಯವಾಗಿ ಅದನ್ನು ನೃತ್ಯಕ್ಕೆ ಕರೆದ ಹುಡುಗ ಕೊಡುತ್ತಾನೆ, ಹುಡುಗಿ ಅವನ ತೋಳಿಗೆ ಒಂದು ಚಿಕ್ಕದನ್ನು ಕಟ್ಟುತ್ತಾಳೆ. ನನ್ನನ್ನು ಯಾರೂ ಕರೆದಿರಲಿಲ್ಲ. ಕೊನೆಯ ವರ್ಷದ ಹುಡುಗಿಯರು ಮಾತ್ರ ಧರಿಸುವ ಬಿಳಿ ಮತ್ತು ಬೆಳ್ಳಿ ಬಣ್ಣದ ಮಮ್ ಇಲ್ಲದೆ ನಾನು 1992ರ ಆ ಶುಕ್ರವಾರ ಶಾಲೆಗೆ ಹೋಗಬೇಕಾಗುತ್ತದೆಂದು ಸಾಲಿನಲ್ಲಿ ನನ್ನ ಬಲಕ್ಕೆ ನಿಲ್ಲುತ್ತಿದ್ದ ಗೆಳತಿಗೆ ತಿಳಿದು, ಅವಳ ತಾಯಿ ರಿಬ್ಬನ್‌ಗಳ ಚೀಲವನ್ನೂ ಗ್ಲೂ ಗನ್ನನ್ನೂ ಹಿಡಿದು ನಮ್ಮ ಮನೆಗೆ ಬಂದರು. ನಿನ್ನ ಅಜ್ಜಿಗೆ ಆವರೆಗೆ ಆ ಹೆಂಗಸಿನೊಡನೆ ನಮಸ್ಕಾರದ ಆಚೆಗೆ ಮಾತಿರಲಿಲ್ಲ. ಮಮ್ ಎಂದರೇನು ಎಂದು ಅಜ್ಜಿ ಕೇಳಿದಾಗ, ಅವರು ಅಂಗಳದ ಕುಂಡದಲ್ಲಿ ಅರಳಿದ್ದ ಹಳದಿ ಹೂವನ್ನು ತೋರಿಸಿ, ಅದರ ಪೂರ್ತಿ ಹೆಸರಾದ ಕ್ರಿಸಾಂಥಮಮ್‌ನ ಬಾಲವೇ ಇದು ಎಂದು ವಿವರಿಸಿದರು. "ಅಯ್ಯೋ, ಸೇವಂತಿಗೆಯೇ!" ಎಂದರು ಅಜ್ಜಿ. ಗೌರಿಗೆ ಮುಡಿಸುವ ಹೂವನ್ನು ಇವರೂ ಮಗಳಿಗೆ ಮುಡಿಸುತ್ತಾರೆಂದು ತಿಳಿದ ಕ್ಷಣದಿಂದ ಅವರಿಗೆ ಆ ಹಬ್ಬ ಅನ್ಯವಾಗಿ ಕಾಣಲಿಲ್ಲ. ಇಬ್ಬರೂ ರಾತ್ರಿ ಹನ್ನೊಂದರವರೆಗೆ ಅಡುಗೆಮನೆಯ ಮೇಜಿನ ಮುಂದೆ ಕುಳಿತು, ರಿಬ್ಬನ್ ಹೆಣೆದು, ಬೆರಳು ಸುಟ್ಟುಕೊಂಡು, ಅದನ್ನು ಕಟ್ಟಿದರು. ತಂದಿದ್ದ ಗಂಟೆಗಳು ಸಾಲದೆ ಹೋದಾಗ ಅಜ್ಜಿ ಒಳಗೆ ಹೋಗಿ, ನಾನು ಹಾಸನದಲ್ಲಿ ಭರತನಾಟ್ಯ ಕಲಿಯುವಾಗ ಕಟ್ಟುತ್ತಿದ್ದ, ಪಟ್ಟಿ ಹರಿದ ಗೆಜ್ಜೆಯನ್ನು ತಂದು ಅದರಿಂದ ಹನ್ನೆರಡು ಗೆಜ್ಜೆಗಳನ್ನು ಬಿಡಿಸಿ ರಿಬ್ಬನ್‌ಗಳ ತುದಿಗೆ ಹೊಲಿದರು. ಮರುದಿನ ಶಾಲೆಯ ಕಾರಿಡಾರಿನಲ್ಲಿ ನನ್ನ ಮಮ್‌ನ ಸದ್ದು ಬೇರೆಯವರದ್ದರಂತಿರಲಿಲ್ಲ. ಕಂಚಿನ ಸದ್ದು ಅದು.

ಆ ರಾತ್ರಿಯ ಪಂದ್ಯದ ಮಾತನ್ನು ನಿನಗೆ ಈವರೆಗೆ ಹೇಳಿಲ್ಲ. ನಮ್ಮ ತರಗತಿಯಲ್ಲಿ, ತಂಡದ ಮುಂದಿನ ಸಾಲಿನಲ್ಲಿ ಆಡುತ್ತಿದ್ದ ದೊಡ್ಡ ಮೈಯ ಹುಡುಗನೊಬ್ಬನಿದ್ದ. ಅವನಿಗೆ ಬೀಜಗಣಿತ ಬರುತ್ತಿರಲಿಲ್ಲ. ಟೆಕ್ಸಸ್‌ನಲ್ಲಿ 1984ರಲ್ಲಿ ಬಂದ ಕಾನೂನಿನ ಪ್ರಕಾರ ಯಾವುದೇ ಒಂದು ವಿಷಯದಲ್ಲಿ 70ಕ್ಕಿಂತ ಕಡಿಮೆ ಅಂಕ ಬಂದರೆ ಆಗ ಆರು ವಾರ ಆಡುವಂತಿರಲಿಲ್ಲ. 1995ರಲ್ಲಿ ಅದನ್ನು ಮೂರು ವಾರಕ್ಕೆ ಇಳಿಸಿದರು. ಬ್ಯಾಂಡಿನವರಿಗೂ ಇದೇ ನಿಯಮ. ಸೆಪ್ಟೆಂಬರ್ ಪೂರ್ತಿ ಗ್ರಂಥಾಲಯದ ಮೇಜಿನಲ್ಲಿ ನಾನು ಅವನಿಗೆ ಸಮೀಕರಣಗಳನ್ನು ಹೇಳಿಕೊಟ್ಟೆ. ಗೊತ್ತಿಲ್ಲದ್ದನ್ನು ಒಂದು ಬದಿಗೆ ತರುವುದು, ಗೊತ್ತಿರುವುದನ್ನೆಲ್ಲ ಇನ್ನೊಂದು ಬದಿಗೆ ಸೇರಿಸುವುದು, ಇಷ್ಟನ್ನೇ ತಾಳ್ಮೆಯಿಂದ ಮತ್ತೆ ಮತ್ತೆ. ಅವನಿಗೆ 73 ಬಂತು. ಹೋಮ್‌ಕಮಿಂಗ್‌ಗೆ ಅವನು ಆಡಿದ.

ಎರಡನೆಯ ಕ್ವಾರ್ಟರಿನಲ್ಲಿ ಅವನು ತಲೆಗೆ ಪೆಟ್ಟು ತಿಂದು, ಎದ್ದು, ಎದುರು ತಂಡದವರು ನಿಂತ ಕಡೆಗೆ ನಡೆಯತೊಡಗಿದ. ಅಪ್ಪ ಅವನನ್ನು ಕೂರಿಸಿ ಬೆಳಕು ಬಿಟ್ಟು ಕಣ್ಣು ನೋಡಿದರು, ಇವತ್ತು ಯಾವ ವಾರ, ಎದುರಿಗೆ ಯಾವ ಊರಿನವರು ಎಂದು ಕೇಳಿದರು, ಮತ್ತು ಅವನ ಹೆಲ್ಮೆಟ್ ತೆಗೆದುಕೊಂಡುಬಿಟ್ಟರು. ಹೆಲ್ಮೆಟ್ ಇಲ್ಲದೆ ಯಾರೂ ಮೈದಾನಕ್ಕೆ ಇಳಿಯಲಾರರು. ಅಂಥ ಪೆಟ್ಟನ್ನು "ಗಂಟೆ ಬಾರಿಸಿತು" ಎಂದಷ್ಟೇ ಕರೆದು ಮರುಗಳಿಗೆ ಒಳಗೆ ಕಳಿಸುತ್ತಿದ್ದ ಕಾಲ ಅದು. ತಲೆಗೆ ಪೆಟ್ಟು ಬಿದ್ದವನನ್ನು ಆಟದಿಂದ ಹೊರಗಿಡಬೇಕು, ವೈದ್ಯರು ಬರೆದುಕೊಡುವ ತನಕ ಹಿಂದಿರುಗಿಸಬಾರದು ಎಂಬ ಕಾನೂನು ಟೆಕ್ಸಸ್‌ಗೆ ಬಂದದ್ದು 2011ರಲ್ಲಿ. ಹಾಫ್‌ಟೈಮಿನಲ್ಲಿ ನಾವು ಕ್ಲಾರಿನೆಟ್ ನುಡಿಸುತ್ತ ಅಂಚಿನತ್ತ ತಿರುಗಿದಾಗ, ಬೆಂಚಿನ ತುದಿಯಲ್ಲಿ ಅಪ್ಪ ಆ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಗಳನ್ನು ಅದರ ಮೇಲೆ ಇಟ್ಟು ಕುಳಿತಿದ್ದರು. ಪಂದ್ಯ ಮುಗಿಯುವವರೆಗೂ ಅವರು ಅದನ್ನು ಕೆಳಗಿಡಲಿಲ್ಲ. ನಾವು ಮೂರು ಅಂಕಗಳಿಂದ ಸೋತೆವು. ಎಂದಿನಂತೆ ತಂಡದ ಹುಡುಗರು ಬ್ಯಾಂಡಿನ ಎದುರಿಗೆ ಬಂದು ನಿಂತು, ಬಲಗೈ ಎತ್ತಿ, ಶಾಲೆಯ ಹಾಡು ಹಾಡಿದರು. ಗೆದ್ದರೂ ಸೋತರೂ ಅದು ತಪ್ಪದು. ಆ ವಾರ ಊರಿನಲ್ಲಿ ಕೆಲವರು ಅಪ್ಪನೊಡನೆ ಮಾತು ಬಿಟ್ಟರು. ಮುಂದಿನ ಪಂದ್ಯಕ್ಕೆ ಬೇರೆ ಯಾರೋ ವೈದ್ಯರ ಸಹಿ ತಂದು ಆ ಹುಡುಗನನ್ನು ಆಡಿಸಿದರು. ಅಪ್ಪ ಆ ವರ್ಷ ಉಳಿದ ಶುಕ್ರವಾರಗಳಲ್ಲೂ ಹೋಗಿ ನಿಂತರು, ಏನೂ ಆಗದವರಂತೆ ಅಲ್ಲ, ಆದದ್ದನ್ನು ಮರೆಯದವರಂತೆ.

ಈ ಸಲ ನಾನು ಮೈದಾನಕ್ಕೆ ಹೋದಾಗ ಮೊದಲು ಹುಡುಕಿದ್ದು ನಮ್ಮ ಡ್ರಮ್ಮರ್‌ನ ತಂದೆಯನ್ನು. ಅವರು ಓದಿದ್ದು ನಮ್ಮ ಶಾಲೆಯಲ್ಲಿ ಅಲ್ಲ, ಊರಿನ ಕಪ್ಪು ಜನರ ಶಾಲೆಯಲ್ಲಿ. ಟೆಕ್ಸಸ್‌ನ ಶಾಲಾ ಕ್ರೀಡೆಗಳ ಸಂಸ್ಥೆ 1960ರ ದಶಕದ ನಡುಗಾಲದವರೆಗೂ ಬಿಳಿಯರ ಶಾಲೆಗಳಿಗೆ ಮಾತ್ರ ಮೀಸಲಾಗಿತ್ತು. ಕಪ್ಪು ಶಾಲೆಗಳು ಪ್ರೇರಿ ವ್ಯೂ ಕಾಲೇಜಿನ ಹೆಸರಿನ ಬೇರೊಂದು ಒಕ್ಕೂಟದಲ್ಲಿ ಆಡುತ್ತಿದ್ದವು, ಶುಕ್ರವಾರ ಮೈದಾನ ಸಿಗದ ಕಡೆಗಳಲ್ಲಿ ಬುಧವಾರವೋ ಗುರುವಾರವೋ ಆಡುತ್ತಿದ್ದವು. 1970ರ ಹೊತ್ತಿಗೆ ಆ ಒಕ್ಕೂಟವೂ ಮುಗಿಯಿತು, ಅಂಥ ಅನೇಕ ಶಾಲೆಗಳೂ ಮುಚ್ಚಿದವು. ಮಕ್ಕಳು ಒಂದಾದದ್ದು ನ್ಯಾಯವೇ. ಆದರೆ ಹೆಸರು, ಬಣ್ಣ, ಹಾಡು, ಗೆದ್ದ ಟ್ರೋಫಿಗಳು ಎಲ್ಲವನ್ನೂ ಒಂದೇ ಕಡೆಯವರು ಕಳೆದುಕೊಂಡರು. ಎಂಬತ್ತರ ಹತ್ತಿರದ ಆ ಹಿರಿಯರು ಪ್ರತಿ ವರ್ಷ ನಮ್ಮ ಹೋಮ್‌ಕಮಿಂಗ್‌ಗೆ ತಮ್ಮ ಹಳೆಯ ಶಾಲೆಯ ಬಣ್ಣದ ಟೋಪಿ ಹಾಕಿಕೊಂಡು ಬಂದು, ಜೊತೆಯವರೊಡನೆ ಮೇಲಿನ ಸಾಲಿನಲ್ಲಿ ಕೂರುತ್ತಾರೆ. ಹಿಂದೆ ಹನ್ನೆರಡು ಜನ ಇರುತ್ತಿದ್ದರಂತೆ. ಶುಕ್ರವಾರ ನಾಲ್ವರಿದ್ದರು. ನಾನು ಮೊದಲ ಕ್ವಾರ್ಟರ್ ಪೂರ್ತಿ ಅವರ ಪಕ್ಕದಲ್ಲಿ ಕುಳಿತಿದ್ದೆ. ತವರು ಎಂಬ ಮಾತನ್ನು ನಾನು ಹಗುರವಾಗಿ ಬಳಸದೆ ಇರುವುದಕ್ಕೆ ಅವರೂ ಕಾರಣ.

ಹಾಫ್‌ಟೈಮಿಗೆ ಹಳೆಯ ಬ್ಯಾಂಡಿನವರನ್ನು ಮೈದಾನಕ್ಕೆ ಕರೆದರು. ಶಾಲೆಯ ಕ್ಲಾರಿನೆಟ್ ಒಂದನ್ನು ಎರವಲು ಪಡೆದೆ. ಬಾಯಿ ಬೇಗ ದಣಿಯಿತು, ಆದರೆ ಬೆರಳುಗಳಿಗೆ ಶಾಲೆಯ ಹಾಡು ಪೂರ್ತಿ ನೆನಪಿತ್ತು. ನಮ್ಮ ಕಾಲದ ಹನ್ನೊಂದು ಕ್ಲಾರಿನೆಟ್‌ಗಳಲ್ಲಿ ಏಳು ಜನ ಬಂದಿದ್ದೆವು. ನನ್ನ ಬಲಕ್ಕೆ ನಿಲ್ಲುತ್ತಿದ್ದ ಗೆಳತಿ ಬಂದಿರಲಿಲ್ಲ. ಅವಳು ಹೋಗಿ ನಾಲ್ಕು ವರ್ಷವಾಯಿತು, ನಿನಗೆ ಗೊತ್ತು. ಯಾರೂ ಹೇಳಲಿಲ್ಲ, ಲೆಕ್ಕವನ್ನೂ ಹಾಕಲಿಲ್ಲ. ನಿಂತ ಮೇಲೆ ನೋಡಿದರೆ ನನ್ನ ಬಲಕ್ಕೆ ಒಂದು ಹೆಗಲಿನಷ್ಟು ಜಾಗ ಬಿಟ್ಟೇ ಎಲ್ಲರೂ ನಿಂತಿದ್ದರು.

ಮೂರನೆಯ ಕ್ವಾರ್ಟರ್ ಬ್ಯಾಂಡಿನವರಿಗೆ ಬಿಡುವು, ಅಂದೂ ಹಾಗೆಯೇ. ಚಿಪ್ಸ್ ಪೊಟ್ಟಣ ಒಡೆದು ಅದರೊಳಗೇ ಬಿಸಿ ಸಾರು, ಚೀಸು ಸುರಿದು ಕೊಡುವ ಅಂಗಡಿಯ ಮುಂದೆ ನಾವೆಲ್ಲ ಸಾಲುಗಟ್ಟಿದ್ದಾಗ ಹಿಂದಿನಿಂದ ಒಂದು ದೊಡ್ಡ ಕೈ ನನ್ನ ಹೆಗಲ ಮೇಲೆ ಬಿತ್ತು. ಬೀಜಗಣಿತದ ಹುಡುಗ. ಪಕ್ಕದಲ್ಲಿ ಅವನ ಹೆಂಡತಿ, ಕಾರಿನ ಕೀಲಿ ಅವಳ ಕೈಯಲ್ಲಿ. ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿ, "ನೀನು ಡಾಕ್ಟರ ಮಗಳಲ್ಲವೆ?" ಎಂದ. ಹೌದೆಂದೆ. ನನ್ನ ಹೆಸರು ಅವನಿಗೆ ಹೊಳೆಯಲಿಲ್ಲ. ಎರಡು ವರ್ಷಗಳಿಂದ ಹೀಗೆ, ಎಂದು ಹೆಂಡತಿ ಆಮೇಲೆ ನನಗೊಬ್ಬಳಿಗೇ ಹೇಳಿದಳು. ಇದಕ್ಕೆ ಆ ಆಟವೇ ಕಾರಣವೆಂದು ಹೇಳುವ ಅಧಿಕಾರ ನನಗಿಲ್ಲ, ಅವನ ವೈದ್ಯರೂ ಹಾಗೆ ಖಚಿತವಾಗಿ ಹೇಳಿಲ್ಲವಂತೆ. ಆದರೆ ಅವನಿಗೆ 73 ಬರುವಂತೆ ಮಾಡಿದವಳು ನಾನು. ಆ ರಾತ್ರಿ ಹೋಟೆಲಿನಲ್ಲಿ ನಿದ್ದೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಹಳೆಯ ವಿದ್ಯಾರ್ಥಿಗಳು ಸೇರಿ ಮೈದಾನದ ಮೆಟ್ಟಿಲುಗಳನ್ನು ಗುಡಿಸುವುದು ನಮ್ಮ ಊರಿನ ಪದ್ಧತಿ. ಆ ದಿನ ಸೂರ್ಯಗ್ರಹಣ, ಅಕ್ಟೋಬರ್ 14. ಉಂಗುರದಂಥ ಗ್ರಹಣ ಮಿಡ್‌ಲ್ಯಾಂಡ್, ಸ್ಯಾನ್ ಆಂಟೋನಿಯೊಗಳ ಮೇಲೆ ಹಾದುಹೋಯಿತು, ನಮ್ಮಲ್ಲಿ ಸೂರ್ಯನ ಬಹುಪಾಲು ಮರೆಯಾಯಿತು. ಮಹಾಲಯ ಅಮಾವಾಸ್ಯೆಯೂ ಅಂದೇ. ನಿನ್ನ ಅಜ್ಜಿ ಬೆಳಿಗ್ಗೆಯೇ ಫೋನ್ ಮಾಡಿ, ಗ್ರಹಣ ಬಿಡುವವರೆಗೆ ಏನೂ ತಿನ್ನಬೇಡ, ಬಿಟ್ಟ ಮೇಲೆ ಸ್ನಾನ ಮಾಡಿ ತಾತನನ್ನು ನೆನೆದುಕೋ ಎಂದಿದ್ದರು. ಹನ್ನೆರಡು ಗಂಟೆಯ ಹತ್ತಿರ ಬಿಸಿಲು ಮಂಕಾಗಿ, ಗೇಟಿನ ಪಕ್ಕದ ಪೀಕನ್ ಮರದ ಕೆಳಗೆ ಎಲೆಗಳ ಸಂದಿನಿಂದ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಬಿದಿಗೆಯ ಚಂದ್ರನ ಆಕಾರಕ್ಕೆ ತಿರುಗಿದವು. ಪೊರಕೆ ಹಿಡಿದ ಐವತ್ತರ ಹತ್ತಿರದ ನಾವೆಲ್ಲ ಕೆಲಸ ಬಿಟ್ಟು ನೆಲ ನೋಡುತ್ತ ನಿಂತೆವು. ಅವನೂ ಬಂದು ನನ್ನ ಪಕ್ಕದಲ್ಲಿ ನಿಂತ. ತನ್ನ ಅಂಗೈಯನ್ನು ಚಾಚಿ ಅದರ ಮೇಲೆ ಬಿದ್ದ ಪುಟ್ಟ ಚಂದ್ರಗಳನ್ನು ನೋಡಿ, ನನ್ನ ಕಡೆ ತಿರುಗಿ, ಮೊದಲ ಸಲ ಕೇಳುವವನಂತೆ, "ನೀನು ಡಾಕ್ಟರ ಮಗಳಲ್ಲವೆ?" ಎಂದು ಕೇಳಿದ.

ಹೌದು ಎಂದೆ.

"ನನ್ನ ಹೆಲ್ಮೆಟ್ ಅವರ ಹತ್ತಿರ ಇದೆ" ಎಂದ.

ಥ್ಯಾಂಕ್ಸ್‌ಗಿವಿಂಗ್ ರಜೆಗೆ ನೀನು ಬಂದಾಗ ಬೀರುವಿನ ಮೇಲಿನ ಉದ್ದನೆಯ ಪೆಟ್ಟಿಗೆಯನ್ನು ಇಬ್ಬರೂ ಸೇರಿ ಇಳಿಸೋಣ. ಮಮ್‌ನ ರಿಬ್ಬನ್‌ಗಳು ಹಳದಿಯಾಗಿವೆ, ಅಂಟು ಬಿಟ್ಟಿದೆ, ಆದರೆ ಹನ್ನೆರಡು ಗೆಜ್ಜೆಗಳೂ ಹಾಗೆಯೇ ಇವೆ. ತಾತನ ನೋಟ್‌ಬುಕ್ಕೂ ಅದರೊಳಗೇ ಇದೆ. ಅವರ ಕೈಬರಹ ಓದಲು ಮೊದಲು ಸ್ವಲ್ಪ ಕಷ್ಟವಾಗಬಹುದು, ನಾನು ಪಕ್ಕದಲ್ಲಿ ಕುಳಿತು ಹೇಳಿಕೊಡುತ್ತೇನೆ.

ಇಂತಿ ನಿನ್ನ ಪ್ರೀತಿಯ,
ಅಮ್ಮ